ಎರಡೂ ಕಡೆಯ ಹೂಟ

ಮಧುಗಿರಿಯ ಪೇಟೆ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಮರುಳಸಿದ್ದಯ್ಯನಿಗೆ ಊರವರು ಇಟ್ಟ ಹೆಸರು ಯಾಕಯ್ಯ. ಇಟ್ಟವರ ತಪ್ಪೇನೂ ಇರಲಿಲ್ಲ. ಯಾರಾದರೂ ದಾರಿಯಲ್ಲಿ ಸಿಕ್ಕಿ "ಚೆನ್ನಾಗಿದ್ದೀರಾ ಅಯ್ಯನೋರೆ?" ಎಂದರೆ ಕೇಳಿದವನನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಯಾಕೆ?" ಎನ್ನುತ್ತಿದ್ದ. ಈ ಸಲ ಮಳೆ ಆದೀತು ಎಂದರೂ ಯಾಕೆ, ಆಗಲಿಕ್ಕಿಲ್ಲ ಎಂದರೂ ಯಾಕೆ. ಹುಣಸೆಹಣ್ಣಿನ ಮೂಟೆ ಬಂದರೆ ಮೊಣಕೈವರೆಗೆ ಕೈ ಇಳಿಸಿ, ತಳದ ಹಣ್ಣು ತೆಗೆದು ಮೂಸುವನು. ಮೇಲಿನದೂ ತಳದ್ದೂ ಒಂದೇ ಥರ ಇದ್ದರೆ ಬೇರೆಯವರಿಗೆ ಸಮಾಧಾನವಾಗುತ್ತದೆ. ಇವನಿಗೆ ಮಾತ್ರ, ಹಾಗಾದರೆ ಮೋಸ ನಡುವೆ ಇರಬೇಕು ಎಂಬ ಹೊಸ ಯೋಚನೆ ಹತ್ತುತ್ತಿತ್ತು.

ಹಬ್ಬದ ದಿನ ಹೆಂಡತಿ ಬಸವಮ್ಮ ಒಂದು ಹೋಳಿಗೆ ಹೆಚ್ಚಿಗೆ ಬಡಿಸಿದರೆ, ತವರಿಂದ ಯಾರು ಬರುತ್ತಿದ್ದಾರೆ ಎಂದು ಎಲೆಯ ಮುಂದೆಯೇ ವಿಚಾರಣೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗೆ. ಆದರೆ ನ್ಯಾಯವಾಗಿ ಒಂದು ಮಾತು ಹೇಳಿಬಿಡಬೇಕು. ಅವನು ಯಾರಿಗೂ ಮೋಸ ಮಾಡಿದವನಲ್ಲ. ಆಮೇಲೆ ಗಿರಾಕಿ ನನ್ನನ್ನು ಏನಂತಾನೋ ಎಂಬ ಅನುಮಾನಕ್ಕೇ ತಕ್ಕಡಿ ಅವನ ಕಡೆ ಒಂದಿಷ್ಟು ಬಾಗುವ ತನಕ ತೂಗಿ, ಮುಳ್ಳನ್ನು ಅವನಿಂದಲೇ ಬಗ್ಗಿ ನೋಡಿಸುತ್ತಿದ್ದ. ಅನುಮಾನ ಅವನನ್ನು ಸುಖವಾಗಿಡಲಿಲ್ಲ, ಆದರೆ ಪ್ರಾಮಾಣಿಕನಾಗಿ ಇಟ್ಟಿತ್ತು.

ಇದು ಹುಟ್ಟಿನಿಂದ ಬಂದ ಗುಣವಲ್ಲ. ಚದುರಂಗದಿಂದ ಬಂದದ್ದು.

ತಂದೆ ನಂದೀಶ್ವರಯ್ಯನವರಿಗೆ ಆ ಆಟದ ಹುಚ್ಚು. ಆಗ ನಮ್ಮ ಕಡೆ ಆಡುತ್ತಿದ್ದ ಚದುರಂಗದಲ್ಲಿ ಕಾಲಾಳು ಶುರುವಿನಲ್ಲೂ ಒಂದೇ ಮನೆ ನಡೆಯಬೇಕು. ಎರಡೂ ಸೈನ್ಯ ಎದುರುಬದುರಾಗುವ ಹೊತ್ತಿಗೆ ನೋಡುವವರು ಆಕಳಿಸಿ ಎದ್ದುಹೋಗಿರುತ್ತಿದ್ದರು. ಅದಕ್ಕೇ ಮೊದಲ ಕೆಲವು ನಡೆಗಳನ್ನು ಒಟ್ಟಿಗೇ ನಡೆಸಿ, ಹಲಗೆಯ ನಡುಗೆರೆ ದಾಟದ ಹಾಗೆ ಕಾಯಿಗಳನ್ನು ಜೋಡಿಸಿಕೊಳ್ಳುವ ಪದ್ಧತಿ ಇತ್ತು. ಅದನ್ನು ನಂದೀಶ್ವರಯ್ಯನವರು ಹೂಟ ಎನ್ನುತ್ತಿದ್ದರು. ಹೊಲಕ್ಕೆ ಏರು ಹೂಡಿದ ಹಾಗೆ ಹಲಗೆಯ ಮೇಲೆ ಆಟ ಹೂಡುವುದು.

ಇದರಲ್ಲಿ ಒಂದು ತೊಡಕು. ಮೊದಲು ಹೂಡಿದವನ ಗುಟ್ಟು ಬಯಲಾಗುತ್ತದೆ, ಎರಡನೆಯವನು ಅದನ್ನು ನೋಡಿಕೊಂಡು ತನ್ನದನ್ನು ಹೂಡುತ್ತಾನೆ. ಪರ್ವತಯ್ಯ, ಮರುಳಸಿದ್ದಯ್ಯ ಎಂಬ ಇಬ್ಬರು ಮಕ್ಕಳು ನೀನು ಮೊದಲು ಹೂಡು, ಇಲ್ಲ ನೀನೇ ಮೊದಲು ಎಂದು ಜಗಳವಾಡಿ, ಆಟ ಶುರುವಾಗುವ ಮೊದಲೇ ಕಾಯಿಗಳನ್ನು ಒಬ್ಬರ ಮೇಲೊಬ್ಬರು ಎಸೆದಾಡುತ್ತಿದ್ದರು. ಕೊನೆಗೆ ಅಪ್ಪ ಒಂದು ಕಟ್ಟಳೆ ಮಾಡಿದರು. ಅಣ್ಣ ಎರಡೂ ಕಡೆಗೂ ಹೂಡಬೇಕು. ತಮ್ಮ ತನಗೆ ಯಾವ ಕಡೆ ಬೇಕೋ ಆರಿಸಿಕೊಳ್ಳಬೇಕು. ಹೂಡಿದವನದು ಮೊದಲ ನಡೆ. ಮನೆಯಲ್ಲಿ ಬೆಲ್ಲದ ಅಚ್ಚು ಒಡೆಯುವಾಗಲೂ ಇದೇ ನ್ಯಾಯ, ಊರಲ್ಲಿ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗಲೂ ಇದೇ ನ್ಯಾಯ. ಆರಿಸುವ ಹಕ್ಕಿಲ್ಲದವನು ಸಮನಾಗಿಯೇ ಒಡೆಯುತ್ತಾನೆ ಎಂಬುದು ಹಿರಿಯರ ಲೆಕ್ಕಾಚಾರ.

ಪರ್ವತಯ್ಯ ಹಲಗೆಯ ಈ ಕಡೆ ಕೂತು ಬಿಳಿ ಕಾಯಿಗಳನ್ನು ಹೂಡುವನು, ಎದ್ದು ಆ ಕಡೆ ಹೋಗಿ ಕೂತು ಕೆಂಪನ್ನು ಹೂಡುವನು. ಬಿಳಿಗೆ ಕುದುರೆ ಹೊರಬಿಟ್ಟು ಒಂಟೆಗೆ ದಾರಿ ತೆರೆದರೆ, ಕೆಂಪಿಗೆ ರಾಜನ ಸುತ್ತ ಕಾಲಾಳುಗಳ ಬೇಲಿ. ಒಂದು ಕಡೆಗೆ ನುಗ್ಗುವ ಯೋಚನೆ, ಇನ್ನೊಂದು ಕಡೆಗೆ ಕಾದು ಕೂತು ಹೊಡೆಯುವ ಯೋಚನೆ. ಮರುಳಸಿದ್ದಯ್ಯನಿಗೆ ಕೆಂಪೆಂದರೆ ಪ್ರಾಣ. ಕೈ ಆ ಕಡೆಗೇ ಹೋಗುತ್ತಿತ್ತು. ಅಷ್ಟರಲ್ಲಿ, ನನಗೆ ಕೆಂಪು ಇಷ್ಟ ಅಂತ ಅಣ್ಣನಿಗೆ ಗೊತ್ತು, ಗೊತ್ತಿದ್ದೇ ಅಲ್ಲಿ ಏನೋ ಇಟ್ಟಿದ್ದಾನೆ ಎಂದು ಹೊಳೆದು ಬಿಳಿ ತೆಗೆದುಕೊಳ್ಳುವನು. ತೆಗೆದುಕೊಂಡು ಸೋಲುವನು. ಹೂಟ ಎಂಬ ಮಾತಿಗೆ ಪೇಟೆಯಲ್ಲಿ ಇನ್ನೊಂದು ಅರ್ಥವಿದೆ. ಅವನೇನೋ ಹೂಟ ಹೂಡಿದ್ದಾನೆ ಎಂದರೆ ಸಂಚು ಮಾಡಿದ್ದಾನೆ ಎಂದು. ತಮ್ಮನ ತಲೆಯಲ್ಲಿ ಈ ಎರಡು ಅರ್ಥಗಳು ಬೆರೆತುಹೋಗಿ ಮತ್ತೆ ಬೇರೆಯಾಗಲೇ ಇಲ್ಲ.

ಅಪ್ಪ ಲಿಂಗೈಕ್ಯರಾದ ಮೇಲೆ ಆಸ್ತಿಯೂ ಅದೇ ಕಟ್ಟಳೆಯಂತೆ ಪಾಲಾಯಿತು. ಪರ್ವತಯ್ಯ ಎರಡು ಪಾಲು ಮಾಡಿದ. ಮಧುಗಿರಿಯ ಮನೆ, ಅಂಗಡಿ ಒಂದು. ಮಿಡಿಗೇಶಿಯ ಹೊಲ, ತೊಟ್ಟಿಮನೆ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿ ಇನ್ನೊಂದು. ಮಿಡಿಗೇಶಿ ಎಂದರೆ ಮರುಳಸಿದ್ದಯ್ಯನಿಗೆ ಎಲ್ಲಿಲ್ಲದ ಆಸೆ. ಆ ಬಾವಿಯಲ್ಲಿ ಈಜು ಕಲಿತವನು, ಬೇಸಾಯದ ಹೊತ್ತಿನಲ್ಲಿ ಅಂಗಡಿ ಬಿಟ್ಟು ಓಡಿಹೋಗಿ ಅಪ್ಪನ ಕೈಲಿ ಬೈಸಿಕೊಂಡವನು. ನಾಲಿಗೆಯ ತುದಿಗೆ ಮಿಡಿಗೇಶಿ ಎಂದು ಬಂದಿತ್ತು. ಆಗ ನೋಡುತ್ತಾನೆ, ಒಳ್ಳೇ ಹೋರಿಗಳು, ಹೊಸ ಗಾಡಿ, ಬಿತ್ತನೆಯ ಕಾಳು ಎಲ್ಲವನ್ನೂ ಅಣ್ಣ ಆ ಪಾಲಿಗೇ ಸೇರಿಸಿದ್ದಾನೆ. ಇಷ್ಟೊಂದು ಬೆಣ್ಣೆ ಹಚ್ಚಿದ್ದಾನೆ ಅಂದರೆ ಒಳಗೆ ಮುಳ್ಳಿದೆ ಎಂದುಕೊಂಡು, "ನಂಗೆ ಅಂಗಡಿ" ಎಂದುಬಿಟ್ಟ. ಅಣ್ಣನ ಮುಖ ಇಳಿದದ್ದನ್ನು ನೋಡಿ ಬಲೆಯಿಂದ ಪಾರಾದೆ ಎಂದು ಹಿಗ್ಗಿದ.

ಹಿಗ್ಗು ಬಹಳ ಕಾಲ ಉಳಿಯಲಿಲ್ಲ. ಸುತ್ತಲಿನ ಬಾವಿಗಳು ಬತ್ತಿದ ವರ್ಷವೂ ಮಿಡಿಗೇಶಿಯ ಬಾವಿಯಲ್ಲಿ ನೀರಿತ್ತು. ಪರ್ವತಯ್ಯನ ರಾಗಿ ಬಣವೆ ರಸ್ತೆಗೆ ಕಾಣುತ್ತಿತ್ತು. ಆಗ ಮರುಳಸಿದ್ದಯ್ಯ ತನ್ನ ಅನುಮಾನಕ್ಕೆ ಇನ್ನೊಂದು ಮಹಡಿ ಕಟ್ಟಿದ. ನಾನು ಅನುಮಾನ ಪಡುತ್ತೇನೆ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಬೆಣ್ಣೆ ಹಚ್ಚಿದ. ನಾನು ಹೆದರಿ ಬಿಡಲಿ, ಅದು ತನಗೆ ಸಿಗಲಿ ಅಂತಲೇ ಹಚ್ಚಿದ. ಮುಖ ಇಳಿಸಿದ್ದೂ ನಾಟಕ. ಅಂದಿನಿಂದ ಅವನು ಮಿಡಿಗೇಶಿಯ ಕಡೆ ಹೋಗಲಿಲ್ಲ. ಅಣ್ಣ ಹೇಳಿ ಕಳಿಸಿದರೂ ಹೋಗಲಿಲ್ಲ, ಸಂತೆಯಲ್ಲಿ ಎದುರಾದರೆ ಬೀದಿ ದಾಟಿ ಆಚೆ ಹೋಗುತ್ತಿದ್ದ.

ಹೀಗೇ ಇದ್ದುಬಿಡಬಹುದಿತ್ತು. ಆದರೆ ಮಗಳು ಇಂದ್ರಮ್ಮ ಮದುವೆಗೆ ಬಂದಳು. ಪಾವಗಡದ ನಾಗಲಿಂಗಯ್ಯನವರ ಮಗ ಒಪ್ಪಿಗೆಯಾದ. ಹುಡುಗನ ಮನೆಯ ಬಾವಿ, ಹಿತ್ತಲು, ನೆರೆಹೊರೆ ಎಲ್ಲವನ್ನೂ ಮರುಳಸಿದ್ದಯ್ಯ ತನ್ನ ಪದ್ಧತಿಯಂತೆ ತಳದವರೆಗೂ ಕೈ ಇಳಿಸಿ ನೋಡಿ ಬಂದಿದ್ದ. ಇಂದ್ರಮ್ಮನಿಗೂ ಹುಡುಗ ಮೆಚ್ಚುಗೆಯಾಗಿದ್ದ. ಅವಳು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಪಾವಗಡದ ಬಸ್ಸಿನ ಸದ್ದಾದರೆ ಕೈಯಲ್ಲಿದ್ದ ಪಾತ್ರೆ ಕೆಳಗಿಡುತ್ತಿದ್ದಳು. ವೀಳ್ಯದ ಮಾತುಕತೆಗೆ ಬಂದ ನಾಗಲಿಂಗಯ್ಯನವರು ಸುತ್ತ ಕಣ್ಣಾಡಿಸಿ ಕೇಳಿದರು.

"ಹುಡುಗಿ ದೊಡ್ಡಪ್ಪನೋರು ಎಲ್ಲಿ?"

"ಅವರು ಬರಾಕಿಲ್ಲ" ಎಂದ ಮರುಳಸಿದ್ದಯ್ಯ.

ನಾಗಲಿಂಗಯ್ಯನವರು ಪಕ್ಕದಲ್ಲಿ ಕೂತ ತಮ್ಮ ಭಾವಮೈದನ ಮುಖ ನೋಡಿದರು. "ಪೆದನಾನ್ನ ಲೇಕುಂಡಾ ತಾಂಬೂಲಮಾ?" ಎಂದರು ಅವನಿಗೆ ತೆಲುಗಿನಲ್ಲಿ, ಆಮೇಲೆ ಇತ್ತ ತಿರುಗಿ ಕನ್ನಡದಲ್ಲಿ, "ದೊಡ್ಡಪ್ಪ ಇಲ್ಲದೆ ವೀಳ್ಯ ಹೆಂಗೆ ಸ್ವಾಮಿ? ಒಡಹುಟ್ಟಿದೋರೇ ಹೊಸ್ತಿಲು ತುಳಿಯದ ಮನೇಲಿ ಏನೈತೋ ಅಂತ ನಮ್ಮ ಹೆಂಗಸರು ಕೇಳ್ತಾರೆ. ಸೋಮವಾರ ಬತ್ತೀವಿ. ಅವರು ಇದ್ರೆ ವೀಳ್ಯ ತಗಂತೀವಿ" ಎಂದರು.

ಜೀವಮಾನವೆಲ್ಲ ಬೇರೆಯವರನ್ನು ಅನುಮಾನಿಸಿದವನಿಗೆ ತನ್ನನ್ನೇ ಅನುಮಾನಿಸುವವರು ಸಿಕ್ಕಿದ್ದರು. ಬೀಗರು ಹೋದ ಮೇಲೆ ಇಂದ್ರಮ್ಮ ಒಳಗಿಂದ ಹೊರಗೆ ಬರಲಿಲ್ಲ. ಬಸವಮ್ಮ ಬಂದು ಕಂಬಕ್ಕೆ ಒರಗಿ ನಿಂತಳು.

"ಮಗಳಿಗಿಂತ ನಿಮ್ಮ ಅನುಮಾನ ದೊಡ್ಡದಾದ್ರೆ ಇಲ್ಲೇ ಕೂತಿರಿ. ಅಲ್ಲಾ ಅಂದ್ರೆ ನಾಳೆ ಬಸ್ಸು ಹತ್ತಿ."

ಮರುಳಸಿದ್ದಯ್ಯ ಬಸ್ಸು ಹತ್ತಿದ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಉಳಿದವರು ತಳ್ಳುವ ಹಾಗೆ ನಟಿಸುತ್ತಿದ್ದಾರೆ ಎಂಬ ಅನುಮಾನಕ್ಕೆ ಮರುಳಸಿದ್ದಯ್ಯ ಕೈ ಮಾತ್ರ ಇಟ್ಟು ನಡೆದ. ದಾರಿಯುದ್ದಕ್ಕೂ ಒಂದೇ ಯೋಚನೆ. ಅಣ್ಣ ಬರಲು ಒಪ್ಪಿದರೆ ಯಾಕೆ ಒಪ್ಪಿದ? ಒಪ್ಪದಿದ್ದರೆ ಇಂದ್ರಮ್ಮನ ಗತಿ ಏನು? ಮೊದಲ ಪ್ರಶ್ನೆಗೆ ಅವನಿಗೆ ಹತ್ತಾರು ಉತ್ತರ ಹೊಳೆದವು. ಎರಡನೆಯದಕ್ಕೆ ಒಂದೂ ಹೊಳೆಯಲಿಲ್ಲ.

ಮಿಡಿಗೇಶಿಯ ಬೆಟ್ಟದ ನೆರಳು ಹೊಲದ ಮೇಲೆ ಇಳಿದಿತ್ತು. ಪರ್ವತಯ್ಯ ಕಪಿಲೆಯ ಎತ್ತು ಬಿಚ್ಚಿ ಮನೆಗೆ ಬರುತ್ತಿದ್ದವನು ತಮ್ಮನನ್ನು ನೋಡಿ ನಿಂತ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಅತ್ತಿಗೆ ಮಜ್ಜಿಗೆ ತಂದುಕೊಟ್ಟು, ಚೆನ್ನಾಗಿದ್ದೀಯಾ ಎಂದು ಕೇಳಿ, ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಮರುಳಸಿದ್ದಯ್ಯ ಮಜ್ಜಿಗೆಯನ್ನು ಮೂಸಿಯೇ ಕುಡಿದ.

"ಇಂದ್ರಿಗೆ ಗಂಡು ಗೊತ್ತಾಗೈತೆ. ಪಾವಗಡದೋರು. ಸೋಮವಾರ ವೀಳ್ಯ. ನೀನು ಬರ್ಬೇಕು."

"ಯಾಕೆ?" ಎಂದ ಪರ್ವತಯ್ಯ.

ತನ್ನ ಮಾತು ತನಗೇ ತಿರುಗಿ ಬಿದ್ದಾಗ ಅದು ಎಷ್ಟು ನೋಯಿಸುತ್ತದೆ ಎಂದು ಮರುಳಸಿದ್ದಯ್ಯನಿಗೆ ಅಂದು ಗೊತ್ತಾಯಿತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ದೊಡ್ಡಪ್ಪ ಇಲ್ದೆ ವೀಳ್ಯ ತಗಳ್ಳಾಕಿಲ್ಲ ಅಂದವ್ರೆ" ಎಂದ.

"ಅಂಗಾದ್ರೆ ಅವರು ಅಂದ್ರು ಅಂತ ಬಂದೆ."

"ಹೂಂ."

ಪರ್ವತಯ್ಯ ಎದ್ದು ಅಟ್ಟದ ಮೇಲಿಂದ ಅಪ್ಪನ ಚದುರಂಗದ ಹಲಗೆ ಇಳಿಸಿದ. ಅರಗಿನ ಬಣ್ಣ ಅಲ್ಲಲ್ಲಿ ಎದ್ದಿದ್ದರೂ ಕಾಯಿಗಳಿಗೆ ಧೂಳಿರಲಿಲ್ಲ. "ಒಂದಾಟ ಆಡಾನ. ಬರೋದು ಬುಡೋದು ಆಟ ಆದ್ಮೇಲೆ ಹೇಳ್ತೀನಿ. ಆದ್ರೆ ಈ ಸಲ ಹೂಡೋನು ನೀನು. ಆರಿಸೋನು ನಾನು. ನಾನು ಕೈಕಾಲು ತೊಳ್ಕಂಡು, ಪೂಜೆ ಮುಗಿಸ್ಕಂಡು ಬತ್ತೀನಿ" ಎಂದು ಹೊರಟುಹೋದ.

ಮರುಳಸಿದ್ದಯ್ಯ ಹಲಗೆಯನ್ನು ಹತ್ತಿರ ಎಳೆದುಕೊಂಡ. ಇದೇನಿದು, ಕಟ್ಟಳೆ ತಿರುಗಿಸಿದ್ದಾನೆ? ಗೆದ್ದರೆ ಏನು ಕೇಳುತ್ತಾನೆ? ಮಧುಗಿರಿಯ ಅಂಗಡಿಯನ್ನೇ ಕೇಳಿದರೆ? ಮಗಳ ವೀಳ್ಯ ಕೈಯಲ್ಲಿ ಹಿಡಿದು ನಿಂತವನ ಹತ್ತಿರ ಏನು ಬೇಕಾದರೂ ಕೇಳಬಹುದು. ಅಂದಮೇಲೆ ಸೋಲುವ ಹಾಗಿಲ್ಲ. ಅವನು ಬಿಳಿಯ ಕಡೆ ಹೋಗಿ ಕೂತ.

ಕೂತವನಿಗೆ ಕೈ ಓಡಲಿಲ್ಲ. ಆರಿಸುವುದು ಎಷ್ಟು ಸುಲಭವಾಗಿತ್ತು! ಹಲಗೆಯ ಸುತ್ತ ತಿರುಗಿ ತಪ್ಪು ಹುಡುಕಿದರೆ ಸಾಕಿತ್ತು. ಹೂಡುವವನು ಹಾಗಲ್ಲ. ಬಿಳಿಗೆ ಒಂದು ಕಾಲಾಳು ನಡೆಸಿದ ಕೂಡಲೇ ಎದ್ದು ಆ ಕಡೆ ಹೋಗಿ, ಕೆಂಪಾಗಿ ಕೂತು, ಇದಕ್ಕೆ ನಾನೇನು ಮಾಡಲಿ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಅದಕ್ಕಿಂತ ಹೆಚ್ಚಾಗಿ, ಆರಿಸುವವನ ಮುಖ ಕಣ್ಣ ಮುಂದೆ ಬರುತ್ತದೆ. ಅಣ್ಣನಿಗೆ ಯಾವುದು ಇಷ್ಟ, ಅವನ ಕೈ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸದೆ ಒಂದು ಕುದುರೆಯನ್ನೂ ಕದಲಿಸಲಾಗುವುದಿಲ್ಲ. ಇಷ್ಟು ವರ್ಷ ಅಣ್ಣನೂ ಹೀಗೇ ನನ್ನ ಮುಖವನ್ನೇ ನೆನೆಯುತ್ತಾ ಕೂತಿದ್ದನೇ ಎಂದು ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದನ್ನು ತಳ್ಳಿಹಾಕಿದ.

ನುಗ್ಗಿ ಆಡುವುದು ಅಣ್ಣನ ಸ್ವಭಾವ. ಆದ್ದರಿಂದ ಬಿಳಿಗೆ ನುಗ್ಗುವ ಹೂಟ ಹೂಡಿದ. ರಾಜನ ಮುಂದಿನ ಕಾಲಾಳು ಸರಿಸಿ ದಾರಿ ಬಿಡಿಸಿದ, ಕುದುರೆ ಹೊರತೆಗೆದ, ಮಂತ್ರಿಯನ್ನು ನಡುಗೆರೆಯವರೆಗೂ ತಂದು ಕೆಂಪಿನ ಕೋಟೆಯ ಮೇಲೆ ಕಣ್ಣಿಡಿಸಿದ. ನೋಡಿದವನ ಬಾಯಲ್ಲಿ ನೀರೂರಬೇಕು, ಹಾಗಿತ್ತು. ಕೆಂಪು ಮುದುರಿ ಕೂತಂತೆ ಕಾಣುತ್ತಿತ್ತು, ಒಂದು ಕುದುರೆ ಮಾತ್ರ ಹೊರಗೆ. ಆದರೆ ಬಿಳಿ ಮಂತ್ರಿ ಮನೆ ಬಿಟ್ಟು ಹೋದದ್ದರಿಂದ ಅವನ ಪಕ್ಕದ ಕಾಲಾಳಿಗೆ ಕಾವಲಿರಲಿಲ್ಲ. ಕೆಂಪು ಕುದುರೆ ಎರಡು ನೆಗೆತಕ್ಕೆ ಅಲ್ಲಿಗೆ ಬಂದು ಕಾಲಾಳನ್ನು ಹೊಡೆದು ಕೂತರೆ, ಒಂದೇ ಏಟಿಗೆ ರಾಜನಿಗೂ ಆನೆಗೂ ಕೈ ಹಾಕಿದ ಹಾಗೆ. ರಾಜ ಸರಿಯಬೇಕು, ಆನೆ ಹೋಗಬೇಕು.

ಪರ್ವತಯ್ಯ ಹೊಸದಾಗಿ ವಿಭೂತಿ ಇಟ್ಟುಕೊಂಡು ಬಂದ. ಹೊಲದ ಬದು ನೋಡುವ ಹಾಗೆ ಹಲಗೆಯನ್ನು ನಿಂತೇ ನೋಡಿದ. ಬಗ್ಗಿ, ಕಾವಲಿಲ್ಲದ ಆ ಕಾಲಾಳಿನ ತಲೆಯನ್ನು ಬೆರಳಿನಿಂದ ಮುಟ್ಟಿದ.

"ಪಾಪ, ಇವನೊಬ್ನೇ ಅವ್ನೆ" ಎಂದ. ಎಂದು ಬಿಳಿಯ ಕಡೆಗೇ ಕೂತ.

ಮರುಳಸಿದ್ದಯ್ಯ ಕೆಂಪಿನ ಹಿಂದೆ ಕೂತ. ಕಂಡೂ ಕೂತನೇ? ಹಾಗಾದರೆ ನನಗೆ ಕಾಣದ್ದು ಇನ್ನೇನೋ ಇವನಿಗೆ ಕಂಡಿರಬೇಕು. ಕೆಂಪು ಕುದುರೆಯನ್ನು ಮೊದಲ ನೆಗೆತ ನೆಗೆಸಿದ. ಪರ್ವತಯ್ಯ ಅವಸರವಿಲ್ಲದೆ, ಮುಂದೆ ಬಂದು ಮೆರೆಯುತ್ತಿದ್ದ ಮಂತ್ರಿಯನ್ನು ಹಿಂದಕ್ಕೆ ಒಯ್ದು ತನ್ನ ಮನೆಯಲ್ಲೇ ಕೂರಿಸಿದ. ಕಾಲಾಳಿಗೆ ಕಾವಲಾಯಿತು. ನುಗ್ಗುವ ಹೂಟ ಅಲ್ಲಿಗೆ ಮುಗಿಯಿತು. ಇನ್ನು ಬಿಳಿ ತಗ್ಗಿ ಬಗ್ಗಿ ಜೀವ ಉಳಿಸಿಕೊಳ್ಳುವ ಆಟವನ್ನೇ ಆಡಬೇಕು.

"ನಿಂಗೆ ಕಂಡಿತ್ತಾ?"

"ಕೂತ್ಕಳಾಕೆ ಮುಂಚೇನೇ ಕಂಡಿತ್ತು."

"ಮತ್ತೆ ಯಾಕೆ?" ಎಂದ ಮರುಳಸಿದ್ದಯ್ಯ. ಅವನ ಬಾಯಿಂದ ಸಾವಿರ ಸಲ ಬಂದ ಮಾತು, ಉತ್ತರ ಬೇಕೆಂದೇ ಬಂದದ್ದು ಅದೇ ಮೊದಲು.

"ನಿಂಗೆ ಕೆಂಪು ಬೇಕಿತ್ತಲ್ಲ" ಎಂದ ಪರ್ವತಯ್ಯ. "ಚಿಕ್ಕಂದಿನಿಂದ ನಿಂಗೆ ಅದೇ ಬೇಕು. ಒಂದ್ಸಲಾನಾದ್ರೂ ತಗಂಡು ಗೆಲ್ಲಲಿ ಅಂತ ಕೆಂಪಿಗೆ ಒಂದು ಕೈ ಹೆಚ್ಚಾಗೇ ಹೂಡ್ತಿದ್ದೆ. ನೀನು ಮೂತಿ ಸೊಟ್ಟ ಮಾಡ್ಕಂಡು ಬಿಳಿ ತಗಂತಿದ್ದೆ. ಇವತ್ತು ನಿಂಗೆ ಸಿಗ್ಲಿ ಅಂತ ಬುಟ್ಟೆ."

ಮರುಳಸಿದ್ದಯ್ಯ ಹಲಗೆಯಿಂದ ತಲೆಯೆತ್ತಲಿಲ್ಲ. ಹಾಗೇ ಕೇಳಿದ. "ಹೊಲಾನೂ ಅಂಗೇ ಹೂಡಿದ್ದಾ?"

"ಇನ್ನೆಂಗೆ? ಈ ಬಾವೀಲೇ ಬಿದ್ದಿರ್ತಿದ್ದೋನು ನೀನು. ನಿಂಗೇ ಬರ್ಲಿ ಅಂತ ಹೋರಿ, ಗಾಡಿ ಎಲ್ಲಾ ಆ ಪಾಲಿಗೇ ಇಟ್ಟೆ."

"ಮತ್ತೆ ನಿಂಗೆ?"

"ನಂಗೆ ಅಂಗಡಿ ಬೇಕಿತ್ತು ಕಣ್ಲಾ. ನಂಗೆ ನೇಗಿಲು ಹಿಡಿಯಾಕೂ ಬತ್ತಿರ್ಲಿಲ್ಲ."

ಮರುಳಸಿದ್ದಯ್ಯ ಅಣ್ಣನ ಕೈ ನೋಡಿದ. ಒಂದು ಕಾಲಕ್ಕೆ ಅಪ್ಪನ ಅಂಗಡಿಯಲ್ಲಿ ಹುಣಸೆಹಣ್ಣನ್ನು ಬೊಗಸೆಯಲ್ಲಿ ಎತ್ತಿದರೆ ತಕ್ಕಡಿ ಬೇಡವೆನ್ನುವಷ್ಟು ಸರಿಯಾಗಿ ತೂಕ ಹೇಳುತ್ತಿದ್ದ ಕೈ ಅದು. ಈಗ ಬೆರಳುಗಳು ನೆಟ್ಟಗಾಗುತ್ತಿರಲಿಲ್ಲ, ಅಂಗೈ ತುಂಬ ಗಂಟು. ಅಭ್ಯಾಸಬಲ ಬಿಡುತ್ತದೆಯೇ? ಅಣ್ಣನ ಮಾತಿನೊಳಗೂ ಅವನು ಮೊಣಕೈವರೆಗೆ ಕೈ ಇಳಿಸಿ ಹುಡುಕಿದ. ಮೇಲಿನದೂ ತಳದ್ದೂ ಒಂದೇ ಥರ ಇತ್ತು. ನಡುವೆಯೂ ಅದೇ ಇತ್ತು. ತಾನು ಬದುಕಬೇಕಾಗಿದ್ದ ಬದುಕನ್ನು ಅಣ್ಣ ಗೇಯ್ದಿದ್ದ. ಅಣ್ಣ ಬದುಕಬೇಕಾಗಿದ್ದನ್ನು ತಾನು ಅಂಗಡಿಯಲ್ಲಿ ಕೂತು, ಬಂದವರ ಮೇಲೆಲ್ಲ ಅನುಮಾನ ಪಡುತ್ತಾ ಕಳೆದಿದ್ದ. ಈ ಮೋಸವನ್ನು ಬೇರೆ ಯಾರೂ ಅವನಿಗೆ ಮಾಡಿರಲಿಲ್ಲ, ಅವನೇ ಮಾಡಿಕೊಂಡಿದ್ದ.

ಅವನು ಎರಡೂ ಕೈಯಲ್ಲಿ ಹಲಗೆ ಹಿಡಿದು ತಿರುಗಿಸಲು ಹೋದ. "ಬಿಳಿ ನಾನು ಆಡ್ತೀನಿ. ನೀನು ಇದ ತಗಾ."

ಪರ್ವತಯ್ಯ ಹಲಗೆಯ ಮೇಲೆ ಅಂಗೈ ಊರಿದ. "ಬ್ಯಾಡ ಬುಡು. ಇಷ್ಟು ದೂರ ಆಡಿದ್ದಾಗೈತೆ. ನಂಗೆ ಇದೇ ರೂಢಿ ಆಗೋಗೈತೆ" ಎಂದ. ಆಮೇಲೆ, ಮರೆತಿದ್ದನ್ನು ನೆನಪಿಸಿಕೊಂಡವನಂತೆ, "ಸೋಮವಾರ ಮೊದಲ್ನೇ ಬಸ್ಸಿಗೇ ಬತ್ತೀನಿ. ಆಡು" ಎಂದ.

ಆ ಆಟವನ್ನು ಮರುಳಸಿದ್ದಯ್ಯ ಗೆದ್ದನೋ ಸೋತನೋ, ಮನೆಗೆ ಬಂದ ಮೇಲೆ ಬಸವಮ್ಮ ಕೇಳಿದರೆ ಅವನಿಗೇ ನೆನಪಿರಲಿಲ್ಲ. ಬರುವಾಗ ಬಸ್ಸನ್ನು ಜೋರಾಗಿ ತಳ್ಳಿದ್ದನಂತೆ.

ಸೋಮವಾರ ಪಾವಗಡದವರು ಬಂದರು. ದೊಡ್ಡಪ್ಪ ಕೂರಬೇಕಾದ ಜಾಗದಲ್ಲಿ ದೊಡ್ಡಪ್ಪ ಕೂತಿದ್ದ. ನಾಗಲಿಂಗಯ್ಯನವರು ವೀಳ್ಯ ತೆಗೆದುಕೊಂಡರು, ಇಂದ್ರಮ್ಮ ದೊಡ್ಡಪ್ಪನ ಕಾಲಿಗೆ ಬಿದ್ದು ಎದ್ದವಳು ಅಳುತ್ತಲೇ ನಕ್ಕಳು. ಬೀಗರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಮರುಳಸಿದ್ದಯ್ಯ ಅಂಗಡಿಯ ಬಾಗಿಲು ತೆಗೆದ. ತಾನು ಒಳಗೆ ಕೂರಲಿಲ್ಲ. ಅಣ್ಣನ ಭುಜ ಹಿಡಿದು ತನ್ನ ಮೆತ್ತೆಯ ಮೇಲೆ, ತಕ್ಕಡಿಯ ಮುಂದೆ ಕೂರಿಸಿ, ತಾನು ಜಗಲಿಯ ಮೇಲೆ ಕೂತ.

ಕಳ್ಳಂಬೆಳ್ಳದ ಚಿಕ್ಕರಂಗಯ್ಯ ಹುಣಸೆಹಣ್ಣಿಗೆ ಬಂದ. ಮಾಮೂಲಿ ಗಿರಾಕಿ, ಒಕ್ಕಲುತನದವನು. ಪರ್ವತಯ್ಯ ಆ ಗಂಟುಗಟ್ಟಿದ ಕೈಯಿಂದ ಬೊಗಸೆ ಎತ್ತಿ ತಕ್ಕಡಿಗೆ ಹಾಕಿದ. ಮುಳ್ಳು ಎರಡು ಸಲ ಆಡಿ ನೆಟ್ಟಗೆ ನಿಂತಿತು. ಚಿಕ್ಕರಂಗಯ್ಯ ಯಾಕಯ್ಯನ ಅಂಗಡಿಯ ರೂಢಿಯಂತೆ ಬಗ್ಗಿ ಮುಳ್ಳು ನೋಡಲು ಹೋದ.

"ನೋಡೋದೇನೂ ಬ್ಯಾಡ, ಕಟ್ಟಿಸ್ಕಳಪ್ಪ" ಎಂದ ಮರುಳಸಿದ್ದಯ್ಯ ಜಗಲಿಯಿಂದ.

ಚಿಕ್ಕರಂಗಯ್ಯ ಬಗ್ಗಿದವನು ಹಾಗೇ ಕತ್ತು ತಿರುಗಿಸಿದ. ತಾನು ಕೇಳಿದ್ದು ಸರಿಯೇ ಎಂದು ಅವನಿಗೆ ಅನುಮಾನ.

"ಯಾಕೆ ಅಯ್ಯನೋರೆ?"

"ನಮ್ಮಣ್ಣ ತೂಗವ್ನೆ."